ಗೌತಮಿಯನ್ನು ಯಾರು ತಿನ್ನಬೇಕು

ಕಾರಡ್ಕದ ಕನ್ನಡ ಶಾಲೆಯಲ್ಲಿ ಪಂಕಜಾಕ್ಷಿ ಟೀಚರು ಇಪ್ಪತ್ತೇಳು ವರ್ಷಗಳಿಂದ ಮಕ್ಕಳನ್ನು ಮುಗಿಸುತ್ತ ಬಂದಿದ್ದಾರೆ. ಪದ್ಯದಲ್ಲಿ, ಅಷ್ಟೆ. ಹುಟ್ಟುಹಬ್ಬದ ದಿನ ಬಣ್ಣದ ಅಂಗಿ ಹಾಕಿ ಮಿಠಾಯಿ ಹಂಚುವ ಮಗುವಿಗೆ ಅವರ ಉಡುಗೊರೆ ನಾಲ್ಕು ಸಾಲು. ಆ ಸಾಲುಗಳಲ್ಲಿ ಮಗುವನ್ನು ಯಾರಾದರೂ ತಿಂದು ತೇಗಲೇಬೇಕು. ಜೂನ್‌ನಲ್ಲಿ ಅಕ್ಷಿತನ ಗತಿ ಹೀಗಾಯಿತು:

ಹಲಸಿನ ಹಿಟ್ಟಿಗೆ ಅಕ್ಷಿತ ಬಿದ್ದ,
ಹಪ್ಪಳವಾಗಿ ಚಾಪೆಯಲಿದ್ದ,
ಕಾದೆಣ್ಣೆಯಲಿ ಉಬ್ಬುತ ಎದ್ದ,
ಮಾವನು ಕಚ್ಚಿ ಕುರುಕುರು ಮೆದ್ದ.

ಅಕ್ಷಿತ ಅದನ್ನು ಊರಿಡೀ ಹಾಡಿಕೊಂಡು ತಿರುಗಿದ. ಟೀಚರಿಗೆ ಮಾತ್ರ ಈಗೀಗ ಸಾಕುಸಾಕಾಗಿದೆ. ಮಕ್ಕಳು ಸಾಲದೆ ಕ್ಲಾಸಿನ ಡಿವಿಷನ್ ಮುಚ್ಚಿಹೋಗದಂತೆ ಹೊಸಬರನ್ನು ಹುಡುಕಿ ಮನೆಮನೆ ಅಲೆಯಬೇಕು, ಮೊಣಕಾಲು ಮಾತು ಕೇಳುವುದಿಲ್ಲ, ಪ್ರಾಸವೂ ಕರೆದ ಕೂಡಲೇ ಬರುವುದಿಲ್ಲ. ಹೆತ್ತವರ ಸಭೆಯಲ್ಲಿ ಪ್ರತಿವರ್ಷ ಒಬ್ಬರಾದರೂ ಎದ್ದು, ಇದೆಂತ ಅಪಶಕುನದ ಪದ್ಯ ಎಂದು ಕೇಳುತ್ತಾರೆ. ಉತ್ತರ ಹೇಳಿ ಹೇಳಿ ಅವರ ಬಾಯಿ ಒಣಗಿದೆ.

ಮೂರನೆಯ ಕ್ಲಾಸಿನ ಗೌತಮಿಯ ಹೃದಯಕ್ಕೆ ಎರಡು ಸಲ ಆಪರೇಷನ್ ಆಗಿದೆ. ಅವಳ ಹುಟ್ಟುಹಬ್ಬದ ಹಿಂದಿನ ದಿನ ತಾಯಿ ವೆಂಕಟಲಕ್ಷ್ಮಿ ಬಂದರು. ಜಗಳಕ್ಕಲ್ಲ.

"ಇವಳಿಗೆ ಅಂಥದ್ದು ಬೇಡ ಟೀಚರ್. ನನಗೆ ಕೇಳ್ಲಿಕ್ಕೆ ಆಗುದಿಲ್ಲ."

ಟೀಚರು ಒಪ್ಪಿದರು. ಒಂದು ತಲೆನೋವು ಕಳೆಯಿತೆಂದು ಒಳಗೊಳಗೇ ಹಾಯೆನಿಸಿತು ಕೂಡ. ಮರುದಿನ ಗುಲಾಬಿ, ನಕ್ಷತ್ರ, ನೂರು ವರ್ಷದ ಆಯುಸ್ಸು ಎಲ್ಲ ಸೇರಿಸಿದ ಪದ್ಯವೊಂದನ್ನು ಓದಿದರು. ಮಕ್ಕಳು ನಗಲಿಲ್ಲ, ಅತಿಥಿಗಳ ಭಾಷಣ ಮುಗಿದಾಗ ತಟ್ಟುವ ಹಾಗೆ ಚಪ್ಪಾಳೆ ತಟ್ಟಿದರು. ಗೌತಮಿ ಮಿಠಾಯಿ ಡಬ್ಬಿಯನ್ನು ಹಂಚದೆ ಮೇಜಿನ ಮೇಲಿಟ್ಟಳು.

"ಎಲ್ಲರನ್ನೂ ತಿನ್ಲಿಕ್ಕೆ ಯಾರಾದ್ರೂ ಉಂಟು. ನನ್ನನ್ನು ಮಾತ್ರ ಎಂತಕ್ಕೆ ಬದುಕಿಸಿದ್ದು?"

ಟೀಚರಿಗೆ ಕಪಾಳಕ್ಕೆ ಹೊಡೆದಂತಾಯಿತು. ಆಟದಿಂದ, ಓಟದಿಂದ, ಎಲ್ಲದರಿಂದಲೂ ಈ ಮಗುವನ್ನು ಬೇರೆ ಕೂರಿಸಿಯಾಗಿತ್ತು. ಉಳಿದಿದ್ದ ಒಂದನ್ನೂ ತಾನೇ ಕಸಿದೆನಲ್ಲ ಎಂದು ನಾಚಿಕೆಯಾಯಿತು. ತಾಯಿಗೆ ಕೊಟ್ಟ ಮಾತೂ ನೆನಪಾಯಿತು. ಮಧ್ಯಾಹ್ನ ಮಕ್ಕಳೆಲ್ಲ ಸಾಂಬಾರಿಗೆ ಸಾಲು ನಿಂತರೆ ಗೌತಮಿ ಉಪ್ಪಿಲ್ಲದ ಬುತ್ತಿ ಬಿಚ್ಚಿ ಒಬ್ಬಳೇ ಕುಳಿತಿದ್ದಳು. ಟೀಚರು ಕಾಗದದ ಚೂರೊಂದರಲ್ಲಿ ಗೀಚಿ, ಅಲ್ಲೇ ನಿಂತು ಓದಿದರು:

ಸಾಂಬಾರಿಗೆ ಬಿದ್ದಳು ಗೌತಮಿ ಮೆಲ್ಲ,
ತಿಂದರು ಅವಳನು ಮಕ್ಕಳು ಎಲ್ಲ,
ತೇಗುತ ಅಂದರು 'ಉಪ್ಪೇ ಇಲ್ಲ',
ಆದರೂ ಒಬ್ಬರೂ ಬಿಟ್ಟವರಿಲ್ಲ.

ಗೌತಮಿ ನಕ್ಕಳು. ನಕ್ಕು ನಕ್ಕು ಏದುಸಿರು ಬಂದು ಬೆಂಚು ಹಿಡಿದಳು. ಟೀಚರು ತಟ್ಟನೆ ಪಕ್ಕದಲ್ಲಿ ಕುಳಿತರು. ಉಸಿರು ಹದಕ್ಕೆ ಬರುವವರೆಗೆ ಅವಳ ಬೆನ್ನಿನ ಮೇಲಿಟ್ಟ ಕೈ ತೆಗೆಯಲಿಲ್ಲ. ಸಂಜೆ ವೆಂಕಟಲಕ್ಷ್ಮಿಗೆ ತಾನೇ ಹೇಳಬೇಕು, ಅವರು ಬೈದರೆ ಬೈಸಿಕೊಳ್ಳಬೇಕು.

"ಬರುವ ವರ್ಷ ನನ್ನನ್ನು ಹುಲಿ ತಿನ್ಲಿ ಟೀಚರ್," ಎಂದಳು ಗೌತಮಿ.

"ಹುಲಿಗೆ ನಾನು ಹೇಳಿಡ್ತೇನೆ ಮಗಾ," ಎಂದರು ಟೀಚರು. "ನೀನು ಬಂದ್ರೆ ಸಾಕು."