ಆ ವರ್ಷ ಕೆರೆ ತಡವಾಗಿ ಹೆಪ್ಪುಗಟ್ಟಿತು

ಬ್ರಿಸ್ಬೇನಿನ ನಾರ್ತ್ ಲೇಕ್ಸ್‌ನ ನನ್ನ ಮನೆಯ ಹಿಂದಿನ ಕೆರೆಯಿಂದ ಚಳಿಗಾಲದ ಸಂಜೆಗಳಲ್ಲಿ ಪಾಚಿ ಬೆರೆತ ತಣ್ಣನೆಯ ವಾಸನೆಯೊಂದು ಎದ್ದು ಬರುತ್ತದೆ. ಕಳೆದುಹೋದ ಮನೆಯೊಂದು ವಾಸನೆಯ ಬೆನ್ನು ಹತ್ತಿ ಬರುವುದು ನಿಮಗೂ ಗೊತ್ತಿರಬಹುದು. ನನಗೆ ಪರ್ತ್‌ನ ಮೋರ್ಲಿಯಲ್ಲಿದ್ದ ನಮ್ಮ ಮನೆ ನೆನಪಾಗುತ್ತದೆ; ಹತ್ತಿರದ ಪುಟ್ಟ ಕೆರೆಯ ದಡದಲ್ಲಿ ಕುಕ್ಕರಗಾಲಲ್ಲಿ ಕುಳಿತು ನೀರಿಗೆ ಕೈ ಅದ್ದುತ್ತಿದ್ದ ಅಮ್ಮ, ಅವಳ ಬೆನ್ನಿಗೆ ಜೋತುಬಿದ್ದ ನನ್ನ ತಮ್ಮ ನಚ್ಚಿ ಕಣ್ಣಿಗೆ ಕಟ್ಟುತ್ತಾರೆ. ಮದುವೆಗೆ ಮುಂಚೆ ಅಮ್ಮ ಕೆನಡಾದಲ್ಲಿ ಕೆರೆಗಳು ಹೆಪ್ಪುಗಟ್ಟುವ ಬಗೆಯನ್ನೇ ಓದಿದವಳು. "ಮೇಲಿನ ನೀರು ತಣ್ಣಗಾಗಿ ಕೆಳಗಿಳಿಯುತ್ತೆ, ಕೆಳಗಿಂದು ಮೇಲೆ ಬರುತ್ತೆ. ಇಡೀ ಕೆರೆ ತಣಿದ ಮೇಲೆ, ಗಾಳಿಯಿಲ್ಲದ ಒಂದು ರಾತ್ರಿ ಸಾಕು ಕಣೋ" ಎಂದು ಅವಳು ಹೇಳಿದರೆ ನಚ್ಚಿ ಪ್ರತಿಸಲವೂ, "ಕ್ಯಾನ್ ಐ ವಾಕ್ ಆನ್ ಇಟ್, ಅಮ್ಮ?" ಎನ್ನುತ್ತಿದ್ದ.

ಅವನಿಗಾಗ ಆರು ವರ್ಷ. ರಕ್ತದ ಕಾಯಿಲೆ, ಮನೆಗಿಂತ ಆಸ್ಪತ್ರೆಯಲ್ಲಿ ಇದ್ದದ್ದೇ ಹೆಚ್ಚು. ಚಿಕಿತ್ಸೆಯ ನಡುವೆ ಒಂದಿಷ್ಟು ಬಿಡುವು ಸಿಕ್ಕಾಗ ಡಾಕ್ಟರು ಪ್ರಯಾಣಕ್ಕೆ ಒಪ್ಪಿದರು. ಅಮ್ಮನ ಗೆಳತಿ ವಿಮಲಾ ಆಂಟಿಯ ಮನೆ ಕೆನಡಾದ ಕೆರೆಯೊಂದರ ದಡದಲ್ಲೇ ಇತ್ತು. ಇಲ್ಲಿ ಬೇಸಿಗೆ ಕಾಲಿಡುತ್ತಿತ್ತು, ಅಲ್ಲಿ ಚಳಿಗಾಲ. ಆದರೆ ಆಂಟಿ ಪ್ರತಿ ಫೋನಿನಲ್ಲೂ, "ಇನ್ನೂ ಇಲ್ಲ ಕಣೇ. ಈ ಸಲ ಚಳೀನೇ ಬಿದ್ದಿಲ್ಲ, ಗಾಳಿ ಬೇರೆ" ಎನ್ನುತ್ತಿದ್ದರು. ನಚ್ಚಿ ಫೋನಿಗೆ ಕಿವಿಯಿಟ್ಟು ಕೇಳಿ, ಸಪ್ಪೆ ಮುಖ ಮಾಡಿಕೊಂಡು ಹೋಗಿ ಮಲಗುತ್ತಿದ್ದ.

"ಐಸ್ ಇಲ್ದಿದ್ರೂ ಪರವಾಗಿಲ್ಲ, ಈಗ್ಲೇ ಹೋಗಿಬಿಡೋಣ" ಎಂದರು ಅಪ್ಪ.

"ಅವನಿಗೆ ಅದರ ಮೇಲೆ ನಡೀಬೇಕು ರೀ. ಇನ್ನೊಂದು ವಾರ ನೋಡೋಣ" ಎಂದಳು ಅಮ್ಮ.

ಆ ವಾರದಲ್ಲೇ ಜ್ವರ ಬಂತು. ನಚ್ಚಿ ಆಸ್ಪತ್ರೆಯಿಂದ ಮನೆಗೆ ಮರಳಲಿಲ್ಲ.

ಅವನು ಹೋದ ಕೆಲವು ದಿನಗಳಿಗೆ, ಏನೂ ತಿಳಿಯದ ವಿಮಲಾ ಆಂಟಿ ಸಂಭ್ರಮದಿಂದ ಫೋನ್ ಮಾಡಿದರು. "ಬೆಳಿಗ್ಗೆ ಎದ್ದು ನೋಡಿದ್ರೆ ಇಡೀ ಕೆರೆ ಬಿಳೀ ಆಗ್ಬಿಟ್ಟಿದೆ ಕಣೇ! ಇನ್ನೊಂದೆರಡು ವಾರ ಗಟ್ಟಿಯಾಗ್ಲಿ, ಮಗೂನ ಕರ್ಕೊಂಡು ಬಂದ್ಬಿಡು."

ಅಮ್ಮ "ಹೂಂ ಕಣೇ, ಬರ್ತೀವಿ" ಎಂದು ಫೋನ್ ಇಟ್ಟು, ಉರಿಬಿಸಿಲಿಗೆ ಕಾದ ಅಡುಗೆಮನೆಯ ನೆಲದ ಮೇಲೆ ಕುಸಿದು ಕುಳಿತಳು. ನಿಜವನ್ನು ಅಪ್ಪನೇ ಆಂಟಿಗೆ ತಿಳಿಸಿದರು.

ಅಪ್ಪ ಅಮ್ಮ ಒಬ್ಬರನ್ನೊಬ್ಬರು ದೂರಲಿಲ್ಲ, ಮಾತೇ ನಿಂತುಹೋಯಿತು. ಮನೆ ಮಾರಿದ ಮೇಲೆ ಅಪ್ಪ ಅಡಿಲೇಡಿಗೆ ಹೋದರು, ಅಮ್ಮ ನನ್ನನ್ನು ಕರೆದುಕೊಂಡು ಬ್ರಿಸ್ಬೇನಿಗೆ ಬಂದಳು. ಎಷ್ಟೋ ವರ್ಷಗಳ ಮೇಲೆ, ತನ್ನ ಕೊನೆಯ ದಿನಗಳಲ್ಲಿ ಒಮ್ಮೆ, "ಅಪ್ಪ ಹೇಳಿದಾಗ್ಲೇ ಹೋಗಿಬಿಡ್ಬೇಕಿತ್ತು ಅಲ್ವೇನೇ?" ಎಂದು ಕೇಳಿದಳು. ನಾನು ಅವಳ ತಲೆ ಸವರಿದೆ, ಅಷ್ಟೇ.

ಈಗ ಅಪ್ಪನೂ ಇಲ್ಲ. ಮೋರ್ಲಿಯ ಆ ಮನೆಯಲ್ಲಿ ಒಂದು ಕಾಲಕ್ಕೆ ನಾವು ನಾಲ್ವರಿದ್ದೆವು ಎಂದು ಹೇಳಲು ಉಳಿದವಳು ನಾನೊಬ್ಬಳೇ.