ಎಸೆಯದೆ ಉಳಿದ ದಾಳ

ಕುರುಗೋಡಿನ ಜಂಬುನಾಥನಿಗೆ ದಾಳ ಎಷ್ಟಿದ್ದರೂ ಸಾಲದು. ಪ್ರತಿ ಭಾನುವಾರ ಗೆಳೆಯರನ್ನು ಕೂಡಿಸಿ, ಒಬ್ಬೊಬ್ಬರಿಗೂ ಒಬ್ಬ ವೀರನ ಪಾತ್ರ ಕೊಟ್ಟು ಕತೆಯಾಟ ಆಡಿಸುತ್ತಾನೆ; ವೀರ ಗೆಲ್ಲುವುದೋ ಸಾಯುವುದೋ ಉರುಳಿಸಿದ ದಾಳದ ಅಂಕಿಯ ಮೇಲೆ. ಆಡುವವರು ನಾಲ್ವರೇ, ಆದರೂ ಬಳ್ಳಾರಿಗೆ ಹೋದಾಗಲೆಲ್ಲ ಇಪ್ಪತ್ತು ಮುಖದ ದಾಳಗಳನ್ನು ಹಿಡಿಗಟ್ಟಲೆ ತರುತ್ತಾನೆ. ತಂದ ಒಂದೊಂದನ್ನೂ ಲೋಟದ ಉಪ್ಪುನೀರಿನಲ್ಲಿ ತೇಲಿಬಿಡುತ್ತಾನೆ. ಎಷ್ಟು ಸಲ ತಿರುವಿದರೂ ಒಂದೇ ಅಂಕಿ ಮೇಲೆ ಬಂದರೆ, "ಇದು ಮೋಸದ್ದೈತಿ" ಎಂದು ಕಿಟಕಿಯಾಚೆ ಎಸೆಯುತ್ತಾನೆ. ಸದಾ ಇಪ್ಪತ್ತೇ ತೋರಿಸುವ ಕೆಂಪು ದಾಳವೊಂದನ್ನು ಮಾತ್ರ ಎಸೆದಿಲ್ಲ. ನಮ್ಮೊಡನೆ ಆಡುತ್ತಿದ್ದು ಹೋದ ವರ್ಷ ರಾರಾವಿಯ ಹೊಳೆಯಲ್ಲಿ ಮುಳುಗಿ ಸತ್ತ ಹುಲುಗೇಶನ ವೀರ ಆಟದಲ್ಲಿ ಇನ್ನೂ ಇದ್ದಾನೆ. ಅವನ ಸರದಿಗೆ ಜಂಬುನಾಥ ಅದನ್ನೇ ಉರುಳಿಸುತ್ತಾನೆ. ಆಟದಲ್ಲಿ ಇಪ್ಪತ್ತು ಬಿದ್ದ ವೀರ ಸಾಯುವುದಿಲ್ಲ. ಯಾಕೆಂದು ನಾನು ಕೇಳಿದಾಗ ತಲೆಯೆತ್ತದೆ ಹೇಳಿದ: "ಇನ್ನೊಮ್ಮಿ ಅವನ ಚಟ್ಟಕ್ಕ ಹೆಗಲು ಕೊಡಾಕ ನನ್ನಿಂದ ಆಗಂಗಿಲ್ಲ."