ಅನಾನಸ್ ವೈನಿನ ಮುಂದೆ ಕವಳದ ಬಟ್ಟಲು

ಶಿರಸಿಯಲ್ಲಿ ಹಣ್ಣಿನ ವೈನ್ ಮೇಳ ನಡೆಯುತ್ತದಂತೆ ಎಂಬ ಸುದ್ದಿ ಬಂದಾಗ ನಮ್ಮ ಇಸಳೂರಿನ ಬಸ್‌ಸ್ಟಾಪಿನಲ್ಲಿ ಎರಡು ಪಕ್ಷಗಳಾದವು. ಒಂದು ಪಕ್ಷ “ಛೇ, ನಮ್ಮೂರಲ್ಲಿ ಇಂಥದ್ದಾ!” ಎಂದಿತು. ಇನ್ನೊಂದು ಪಕ್ಷ “ಎಷ್ಟು ಗಂಟೆಗೆ?” ಎಂದು ಕೇಳಿತು. ಮೇಳದ ದಿನ ಬೆಳಿಗ್ಗೆ ಎರಡೂ ಪಕ್ಷದವರು ಒಂದೇ ಬಸ್ಸಿನಲ್ಲಿ ಸಿಕ್ಕರು.

ನನಗಂತೂ ಅಲ್ಲಿ ಕೆಲಸವೇ ಇತ್ತು. ಗುಡ್ನಾಪುರದ ಹತ್ತಿರ ಅನಾನಸ್ ಬೆಳೆಯುವ ಮನೆಯೊಂದರ ಸೊಸೆ ನಮಗೆ ತಂಗಿಯಿದ್ದಂತೆ. ಕೆಲವು ವರ್ಷಗಳ ಹಿಂದೆ ನನ್ನ ಹೆಂಡತಿಯೂ ಅವಳೂ ಒಟ್ಟಿಗೇ ಹಣ್ಣಿನ ಪದಾರ್ಥ ಮಾಡುವ ತರಬೇತಿಗೆ ಹೋಗಿದ್ದರು. ನನ್ನವಳು ಜಾಮ್ ಮಾಡುವಷ್ಟು ಕಲಿತು, ಎರಡು ಬಾಟಲಿ ಮಾಡಿ, ಒಂದನ್ನು ತವರಿಗೆ ಕಳಿಸಿ, ಅಲ್ಲಿಗೆ ಕೈತೊಳೆದುಕೊಂಡಳು. ತಂಗಿ ಬಿಡಲಿಲ್ಲ. ವೈನ್ ಕಲಿತಳು. ಕಾಗದಪತ್ರ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದು ಲೈಸೆನ್ಸು ತಂದಳು. ಹಿತ್ತಲಲ್ಲಿ ತಗಡಿನ ಶೆಡ್ಡು ಹಾಕಿಸಿದಳು.

ತೊಡಕು ಬಂದದ್ದು ಆಮೇಲೆ. ಶೆಡ್ಡಿನಲ್ಲಿ ಹಣ್ಣು ಕೊಚ್ಚಬಹುದು, ಹುಳಿ ಬರಿಸಬಹುದು. ಆದರೆ ಬೇಸಿಗೆಯಲ್ಲಿ ಕಾದ ತಗಡಿನಡಿ ವೈನು ಮಾಗುವುದಿಲ್ಲ, ಕೆಡುತ್ತದೆ. ಅದಕ್ಕೆ ತಂಪು ಬೇಕು. ಆ ಮನೆಯಲ್ಲಿ ತಂಪಾಗಿದ್ದದ್ದು ಒಂದೇ ಕೋಣೆ. ಮೊಳ ದಪ್ಪದ ಮಣ್ಣಿನ ಗೋಡೆ, ಅಂಗೈ ಅಗಲದ ಕಿಟಕಿ. ಅದು ಅವಳ ಅತ್ತೆಯ ಕೋಣೆ. ಮದುವೆಯಾಗಿ ಬಂದಂದಿನಿಂದ ಆಯಮ್ಮ ಉಪ್ಪಿನಕಾಯಿ ಭರಣಿಗಳನ್ನೂ ಬೀಜದ ಗಡಿಗೆಗಳನ್ನೂ ಇಟ್ಟು ಆಳಿದ ರಾಜ್ಯ. ಹೆಂಡದ ಹನಿ ಹೊಸಿಲು ದಾಟದ ಮನೆ ಬೇರೆ. ಅಂಥ ಕೋಣೆಯಲ್ಲಿ ಸೊಸೆ ಡ್ರಮ್ಮು ಇಡುತ್ತೇನೆ ಎಂದಾಗ ಅತ್ತೆ ಕೂಗಾಡಲಿಲ್ಲ, ಅಳಲಿಲ್ಲ. ಕರಾರು ಹಾಕಿದರು.

“ಒಂದು ವರ್ಷ ಕೊಡತೇನಿ. ಶಿರಸಿ ಮ್ಯಾಳದಾಗ ಮಂದಿ ಛಲೋ ಐತಿ ಅಂದ್ರ ಖೋಲಿ ನಿಂದು. ಇಲ್ಲಾಂದ್ರ ಮರುದಿನ ನನ್ನ ಭರಣಿ ಒಳಗ, ನಿನ್ನ ಡ್ರಮ್ಮು ಹೊರಗ. ಮತ್ತ ಮ್ಯಾಳಕ್ಕ ನಾನೂ ಬರತೇನಿ. ನೀ ಹೇಳಿದ್ದು ಕೇಳಾಕಲ್ಲ, ಮಂದಿ ಮಾರಿ ನೋಡಾಕ.”

ಮೇಳಕ್ಕೆ ಒಂದು ತಿಂಗಳಿರುವಾಗ ನಾವಿಬ್ಬರೂ ಅಲ್ಲಿಗೆ ಹೋಗಿದ್ದೆವು. ತಂಗಿ ಸ್ಟೀಲ್ ಲೋಟದಲ್ಲಿ ಎರಡು ಗುಟುಕು ತಂದುಕೊಟ್ಟಳು. ಬಿಸಿಲಿಗೆ ಹಿಡಿದರೆ ಹೊಸ ತುಪ್ಪದ ಬಣ್ಣ. ಮೂಗಿನ ಹತ್ತಿರ ತಂದರೆ ಆಗತಾನೆ ಹಣ್ಣು ಸಿಗಿದಂತೆ ಘಮ. ಬಾಯಿಗೆ ಬಿದ್ದದ್ದೇ ಮೊದಲು ಸಿಹಿ, ಅದರ ಹಿಂದೆಯೇ ಒಂದು ತುಂಟ ಹುಳಿ, ಕೊನೆಗೆ ಗಂಟಲಲ್ಲಿ ಸಣ್ಣ ಬೆಚ್ಚನೆ. ಅತ್ತೆ ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದರು.

“ರಾತ್ರಿ-ಹಗಲಿ ಗುಳುಗುಳು ಅಂತೈತಿ ತಮ್ಮಾ ಆ ಡ್ರಮ್ಮು, ಆಕಳ ಮೆಲಕ ಹಾಕಿದಂಗ,” ಎಂದು ದೂರಿದರು. ಆಮೇಲೆ ಮರ್ಯಾದೆಗೆ ಎಲೆ-ಅಡಿಕೆ ತಂದಿಟ್ಟರು. ಹಾಕಿಕೊಂಡೆ.

ಹೊರಡುವಾಗ ತಂಗಿ ಕೇಳಿದಳು: “ಅಣ್ಣಾರ, ನಿಮ್ಮ ಶಿರಸಿ ಮಂದಿ ಮುಂದ ಏನಿಟ್ಟರ ಮರ್ಯಾದಿ?”

ನಾನು ಯೋಚನೆಯನ್ನೇ ಮಾಡಲಿಲ್ಲ. “ಕವಳ ಇಡು,” ಎಂದೆ. ನಮ್ಮ ಕಡೆ ಎಲೆ, ಅಡಿಕೆ, ಸುಣ್ಣ, ಬೇಕಾದವರಿಗೆ ತುಸು ಹೊಗೆಸೊಪ್ಪು ಸೇರಿದ್ದೇ ಕವಳ. ಬಂದವರಿಗೆ ಕವಳ ಕೊಡದ ಮನೆಯ ಮೇಲೆ ಮಳೆಯೂ ಮನಸ್ಸಿಟ್ಟು ಬೀಳುವುದಿಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದಳು. “ಅಜ್ಜಿಯ ಕಾಲದ ಹಿತ್ತಾಳೆ ಬಟ್ಟಲೇ ಇದ್ದು, ತತ್ತೆ,” ಎಂದು ನನ್ನ ಭಾಷೆಯಲ್ಲೇ, ನಾನೇ ತರುತ್ತೇನೆಂದು ಮಾತು ಕೊಟ್ಟು ಬಂದೆ.

ಮೇಳ ನಡೆದದ್ದು ಪೇಟೆಯ ಒಂದು ದೊಡ್ಡ ಸಭಾಭವನದಲ್ಲಿ. ಸಾಲಾಗಿ ಮೇಜುಗಳು, ಬಿಳಿಯ ಬಟ್ಟೆ, ಬೆರಳುದ್ದದ ಕಪ್ಪುಗಳು. ಸಿದ್ದಾಪುರ ಕಡೆಯವರು ಮುರುಗಲ ಹಣ್ಣಿನ ಹೊಸ ವೈನು ತಂದಿದ್ದರು. ಬಣ್ಣ ನೋಡಿದರೆ ರೇಷ್ಮೆ ಸೀರೆಯ ಸೆರಗು. ಯಲ್ಲಾಪುರದವನೊಬ್ಬ ಈ ಸಲ ಮೊದಲ ಬಾರಿಗೆ ಹಲಸಿನದು ತಂದಿದ್ದ. ಮುಚ್ಚಳ ತೆಗೆದರೆ ಅರ್ಧ ಸಭಾಭವನಕ್ಕೆ ಗೊತ್ತಾಗುತ್ತಿತ್ತು. ಜೇನಿನದೂ ಇತ್ತು, ನೇರಳೆಯದೂ ಇತ್ತು.

ಬಾಗಿಲ ಹತ್ತಿರ ಹೊರಗಿನಿಂದ ಬಂದ ಯುವಕನೊಬ್ಬ ರುಚಿ ನೋಡುವ ಕ್ರಮ ಹೇಳಿಕೊಡುತ್ತಿದ್ದ. ಮೊದಲು ಬಣ್ಣ ನೋಡಬೇಕು, ಆಮೇಲೆ ಮೂಸಬೇಕು, ಬಾಯಲ್ಲಿ ಆಡಿಸಬೇಕು, ಬೇಡವೆಂದರೆ ಪಕ್ಕದ ಪಾತ್ರೆಗೆ ಉಗಿಯಬೇಕು. “ಉಗಿಯಲು ಯಾರೂ ಸಂಕೋಚ ಪಡಬೇಡಿ,” ಎಂದ ಪಾಪ. ಹೇಳಿದ್ದು ಶಿರಸಿಯವರಿಗೆ! ವಾನಳ್ಳಿ ಕಡೆಯ ಹಿರಿಯರೊಬ್ಬರು ಮೂರು ಮಾರು ದೂರದಿಂದಲೇ ಬಾಯೊಳಗಿನ ಕವಳವನ್ನು ಪಾತ್ರೆಯ ನಟ್ಟನಡುವೆ ಬೀಳಿಸಿ, “ಇದೊಂದು ನಂಗಕ್ಕೆ ಹೇಳಿಕೊಡದು ಬ್ಯಾಡ ತಮಾ,” ಎಂದರು. ಸಭಾಭವನವೇ ನಕ್ಕಿತು.

ನಮ್ಮ ಮೇಜು ಬಾಗಿಲಿಗೆ ಹತ್ತಿರ. ಎಲ್ಲಕ್ಕಿಂತ ಮುಂದೆ ಅಜ್ಜಿಯ ಬಟ್ಟಲು, ಹುಣಸೆಹಣ್ಣು ಹಾಕಿ ತಿಕ್ಕಿ ತಂದದ್ದು, ಫಳಫಳ ಹೊಳೆಯುತ್ತಿತ್ತು. ಮೇಜಿನ ಹಿಂದೆ ತಂಗಿ, ನನ್ನ ಹೆಂಡತಿ, ನಾನು. ಒಂದು ಪಕ್ಕದ ಕುರ್ಚಿಯಲ್ಲಿ ಅತ್ತೆ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು.

ಜನ ಬಂದರು, ಬರದೆ ಏನು! ಬಟ್ಟಲು ಕಂಡವನು ನಿಲ್ಲದೆ ಹೋಗುವುದುಂಟೇ. ಎಲೆಗೆ ಸುಣ್ಣ ಸವರುತ್ತ ಊರ ಸುದ್ದಿ ಮಾತಾಡಿದರು, ನಿಧಾನವಾಗಿ ಜಗಿದರು, ಶಿಸ್ತಾಗಿ ಪಾತ್ರೆಗೆ ಉಗಿದರು, ಆಮೇಲೆ “ಕೊಡು ತಂಗೀ” ಎಂದು ಕಪ್ಪಿಗೆ ಕೈ ಚಾಚಿದರು. ಕುಡಿದರು. ಮುಖ ಹಿಂಡಿದರು.

ಆ ವಾನಳ್ಳಿಯ ಹಿರಿಯರು ಮೊದಲಿಗರು. ಒಂದು ಗಳಿಗೆ ಕಣ್ಣು ಮುಚ್ಚಿ, “ಬಣ್ಣ ಚೊಲೋ ಬಂಜು,” ಎಂದರು. ನಮ್ಮವರು ಬಣ್ಣ ಹೊಗಳಿದರೆಂದರೆ ರುಚಿಯ ಮಾತು ಎತ್ತಬಾರದು ಎಂದೇ ಅರ್ಥ. ಎರಡನೆಯವರಿಗೆ ಅಷ್ಟು ದಾಕ್ಷಿಣ್ಯವಿರಲಿಲ್ಲ. “ಚೊಗರು,” ಎಂದುಬಿಟ್ಟರು. ಮೂರನೆಯವರೂ ಚೊಗರು. ಎಳೆ ಗೇರುಹಣ್ಣು ಕಚ್ಚಿದ ಹಾಗೆ, ನಾಲಿಗೆ ಹಿಡಿಯುತ್ತದೆ ಎಂದರು. ಒಂದು ತಾಸಿನಲ್ಲಿ ಆ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದೆವೋ. ನಡುವೆ ಕಾಲೇಜಿನ ಮೂವರು ಮೇಡಮ್ಮುಗಳು ನಗುತ್ತ ಕುಡಿದು ಇನ್ನಷ್ಟು ಕೇಳಿದ್ದನ್ನು ನಾವು ದಾಕ್ಷಿಣ್ಯವೆಂದೇ ಎಣಿಸಿದೆವು.

ನನಗೆ ತಡೆಯಲಾಗಲಿಲ್ಲ. ಬೆಳಗಿನಿಂದ ಬಂದವರಿಗೆಲ್ಲ ಜೊತೆ ಕೊಡುತ್ತ ನಾನೂ ಕವಳ ಹಾಕಿದ್ದೆ. ಉಗಿದು ಬಂದು ಒಂದು ಕಪ್ಪು ಎತ್ತಿದೆ. ಸಿಹಿಯಿಲ್ಲ, ಘಮವಿಲ್ಲ, ಬರೀ ಚೊಗರು. ದಾರಿಯಲ್ಲಿ ಬಿಸಿಲಿಗೆ ಕೆಟ್ಟಿತೇ?

“ಛಲೋ ಐತಿ ತಂಗೀ,” ಎಂದೆ, ಅವಳ ಭಾಷೆಯಲ್ಲಿ ಹೇಳಿದರೆ ನಂಬಿಯಾಳೆಂದು.

“ಅಣ್ಣಾರ, ನಿಮಗ ಸುಳ್ಳು ಹೇಳಾಕ ಬರಂಗಿಲ್ಲ,” ಎಂದಳು. ತಾನೇ ಒಂದು ಕಪ್ಪು ಬಗ್ಗಿಸಿಕೊಂಡು ಕುಡಿದಳು. ಅವಳಿಗೆ ಎಲೆ-ಅಡಿಕೆಯ ಅಭ್ಯಾಸವಿಲ್ಲ. ಮತ್ತೊಮ್ಮೆ ಕುಡಿದಳು. ಕಣ್ಣಲ್ಲಿ ನೀರಾಡಿತು. “ನನಗ ಬರೋಬ್ಬರಿ ಅನಸ್ತೈತಿ. ಹಂಗಾರ ನನ್ನ ನಾಲಿಗಿನ ಕೆಟ್ಟೈತೇನ್ರೀ?”

ಹೆಂಡತಿ ಅವಳ ಬೆನ್ನ ಮೇಲೆ ಕೈಯಿಟ್ಟಳು. ನಾನು ಓರೆಗಣ್ಣಿನಿಂದ ಅತ್ತೆಯ ಕಡೆ ನೋಡಿದೆ. ಆಯಮ್ಮನ ಮುಖದಲ್ಲಿ ಗೆದ್ದ ಕಳೆಯೂ ಇಲ್ಲ, ಸೋತ ಕಳೆಯೂ ಇಲ್ಲ. ಬರುವವರ ಬಾಯಿಯನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಯಲ್ಲಾಪುರದ ಹಲಸಿನವನು ಧುಮುಗುಡುತ್ತ ಬಂದ. “ಎಂತ ಭಾವ, ಎಂತ ಕುಡಿಸಿ ಕಳಿಸ್ತಾ ಇದ್ದೆ ನೀನು? ನಿನ್ನ ಮೇಜಿಂದ ಬಂದವ್ವೆಲ್ಲಾ ಯನ್ನ ವೈನೂ ಚೊಗರು ಹೇಳ್ತ! ಹಲಸಿನ ಹಣ್ಣು ಚೊಗರಾಗದು ಎಲ್ಲಾದ್ರೂ ಉಂಟನಾ?”

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕುರ್ಚಿಯಿಂದ ಎದ್ದರು.

“ತಮ್ಮಾ, ಈ ಬಟ್ಟಲ ತಂದಾಂವ ಯಾರು?”

ಎಲ್ಲರ ಕಣ್ಣೂ ನನ್ನ ಕಡೆ.

“ಮುಂಜಾನಿಂದ ಮಾರಿ ನೋಡಾಕತ್ತೇನಿ. ಎಲಿ ಹಾಕ್ಕೊಂಡು ಕುಡದವರೆಲ್ಲ ಮಾರಿ ಹಿಂಡತಾರ. ಆಗಳೆ ಕಾಲೇಜಿನ ಮೂರು ಮಂದಿ ಮೇಡಮ್ಮಾರು ಬಂದಿದ್ರಲಾ, ಅವರು ಬಟ್ಟಲ ಮುಟ್ಟಲಿಲ್ಲ. ನಕ್ಕೊಂತ ಕುಡದ್ರು, ಇನ್ನೊಂದೀಟು ಹಾಕ್ರಿ ಅಂದ್ರು. ತಪ್ಪು ಬಾಟಲಿದಲ್ಲ. ನಿನ್ನ ಬಟ್ಟಲದ್ದು.”

ಅಡಿಕೆಯ ಚೊಗರು ಉಗಿದ ಮಾತ್ರಕ್ಕೆ ನಾಲಿಗೆ ಬಿಡುವುದಿಲ್ಲ. ಅದು ನನಗೆ ಗೊತ್ತಿಲ್ಲದ್ದೇ? ಹುಟ್ಟಿದಾಗಿನಿಂದ ಅದರ ನಡುವೆಯೇ ಇದ್ದವನು. ಮೂಗಿನ ಕೆಳಗಿನದು ಕಾಣಲಿಲ್ಲ, ಅಷ್ಟೇ. ಓಡಿಹೋಗಿ ಬಾಯಿ ಮುಕ್ಕಳಿಸಿದೆ. ಹೆಂಡತಿ ದಾರಿಗೆಂದು ಕಟ್ಟಿಕೊಂಡಿದ್ದ ಮಂಡಕ್ಕಿ ಮುಕ್ಕಿದೆ, ಬಿಸಿನೀರು ಕುಡಿದೆ, ಒಂದಿಷ್ಟು ಹೊತ್ತು ಕಾದು ಕಪ್ಪು ಎತ್ತಿದೆ. ಗುಡ್ನಾಪುರದ ಆ ಮಧ್ಯಾಹ್ನ ಪೂರ್ತಿಯಾಗಿ ಬಾಯಿಗೆ ಬಂತು. ಸಿಹಿ, ಅದರ ಹಿಂದಿನ ತುಂಟ ಹುಳಿ, ಗಂಟಲಿನ ಬೆಚ್ಚನೆ, ಎಲ್ಲವೂ.

“ಇದೆಲ್ಲಾ ನಿಂಗ್ಳ ಮರ್ಯಾದೆಯ ಉಪಕಾರ!” ಎಂದಳು ಹೆಂಡತಿ.

ಆಗ ಅಜ್ಜಿಯ ಮಾತಿನ ಉಳಿದರ್ಧ ನೆನಪಾಯಿತು. ಬಂದವರಿಗೆ ಮೊದಲು ನೀರು, ಆಮೇಲೆ ಆಸರಿ ಎಂದರೆ ದಣಿವಾರಿಸುವ ಪಾನಕವೋ ಮಜ್ಜಿಗೆಯೋ, ಎಲ್ಲ ಮುಗಿದ ಮೇಲೆ ಕವಳ. ಮರ್ಯಾದೆಯೆಂದರೆ ಕೊಡುವುದಷ್ಟೇ ಅಲ್ಲ, ಸರದಿಯಲ್ಲಿ ಕೊಡುವುದು. ನಾನು ಕೊನೆಯದನ್ನು ಮೊದಲಿಗಿಟ್ಟಿದ್ದೆ.

ಆದರೆ ಈಗೇನು ಮಾಡುವುದು? ಶಿರಸಿಯಲ್ಲಿ ಬಂದವನಿಗೆ ಕವಳ ಉಗಿದು, ಬಾಯಿ ತೊಳೆದು ಬಾ ಎನ್ನುವುದೂ ಒಂದೇ, ಎದ್ದು ಹೋಗು ಎನ್ನುವುದೂ ಒಂದೇ. ನಮ್ಮಲ್ಲಿ ಯಾರಿಗೂ ಆ ಧೈರ್ಯವಿರಲಿಲ್ಲ. ಅತ್ತೆಗೆ ಇತ್ತು. ಬಟ್ಟಲನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು, ಕುರ್ಚಿಯನ್ನು ಮೇಜಿನ ಆಚೆ ತುದಿಗೆ ಎಳೆಸಿ ಕುಳಿತರು. ಕಣ್ಣೆದುರು ಕಾಣುವ ಬಟ್ಟಲು, ಆದರೆ ಕೈಗೆ ಸಿಗದು.

“ಬರ್ರಿ, ಬರ್ರಿ. ಮೊದಲ ಬಾಯಿ ತೊಳಕೋರಿ, ಈ ಮಂಡಕ್ಕಿ ತಿನ್ರಿ, ಆಮ್ಯಾಲ ಕುಡೀರಿ. ಎಲಿ ಎಲ್ಲೂ ಓಡಿ ಹೋಗಂಗಿಲ್ಲ, ನನ್ನ ಕಡೆ ಐತಿ.”

ಹೆಂಡತಿಗೂ ಡಾಕ್ಟರಿಗೂ ಬಗ್ಗದ ಗಂಡಸರು ಸಾಲಾಗಿ ನಲ್ಲಿಯ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಮಂಡಕ್ಕಿ ಎರಡು ಸಲ ತರಿಸಬೇಕಾಯಿತು. ಹಲಸಿನವನೂ ಒಂದು ಪೊಟ್ಟಣ ಒಯ್ದ.

ಊಟದ ಹೊತ್ತು ಕಳೆದ ಮೇಲೆ ವಾನಳ್ಳಿಯ ಹಿರಿಯರು ಮತ್ತೆ ಬಂದರು. ಮುಕ್ಕಳಿಸಿದರು, ಮಂಡಕ್ಕಿ ತಿಂದರು, ಕುಡಿದರು. ಕಣ್ಣು ಮುಚ್ಚಿದವರು ಈ ಸಲ ಬೇಗ ತೆರೆಯಲಿಲ್ಲ. ಆಮೇಲೆ ತಂಗಿಯ ಕಡೆ ಅನುಮಾನದಿಂದ ನೋಡಿ, “ಬೆಳಿಗ್ಗೆ ಕೊಟ್ಟದ್ದು ಬೇರೆ ಬಾಟ್ಲಿ ಅಲ್ದನಾ?” ಎಂದರು.

ಉತ್ತರ ಮೇಜಿನ ತುದಿಯಿಂದ ಬಂತು. “ಬಾಟ್ಲಿ ಅದ ಐತ್ರಿ. ಬಾಯಿ ಬ್ಯಾರೆ.”

ಅವರು ನಗುತ್ತ ಇನ್ನೊಂದು ಕಪ್ಪಿಗೆ ಕೈ ಚಾಚಿದರು. ಬಣ್ಣದ ಮಾತು ಎತ್ತಲೇ ಇಲ್ಲ.

ಸಂಜೆ ಮೇಜು ಮಡಿಸುವಾಗ ನಾನು ಅತ್ತೆಯನ್ನು ಮೆಲ್ಲಗೆ ಕೇಳಿದೆ: “ಅಮ್ಮಾ, ಸುಮ್ಮನಿದ್ದಿದ್ದರೆ ಕೋಣೆ ನಿಮ್ಮ ಕೈಗೇ ಬರುತ್ತಿತ್ತಲ್ಲ?”

“ಮಾರಿ ನೋಡಾಕ ಬಂದಿದ್ದೆ ತಮ್ಮಾ. ನೋಡಿದ್ದು ಹೇಳಬೇಕಲಾ.”

ತಂಗಿ ಖಾಲಿ ಬಾಟಲಿ ಜೋಡಿಸುತ್ತಿದ್ದಳು. ಕರಾರಿನ ಮಾತು ಅವಳಾಗಿ ತೆಗೆಯಲಿಲ್ಲ. ಅತ್ತೆ ಒಂದು ಕಪ್ಪು ಎತ್ತಿ, ತುಟಿಗೆ ತಾಗಿಸದೆ, ಬರೀ ಮೂಸಿದರು. “ಹಣ್ಣಿನ ವಾಸನಿ ಹೋಗಿಲ್ಲ,” ಎಂದು ತಮಗೆ ತಾವೇ ಹೇಳಿಕೊಂಡು ಕೆಳಗಿಟ್ಟರು. ಆಮೇಲೆ ಸೊಸೆಗೆ, “ನಾಳಿಂದ ನನ್ನ ಭರಣಿ ಕಾಯಂ ಎಲ್ಲಿಡೂದು, ಜಾಗಾ ನೋಡು,” ಎಂದರು. ತಂಗಿ ಬಾಟಲಿ ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟಳು.

ಮೊನ್ನೆ ಆ ಕಡೆ ಹೋಗಿದ್ದೆ. ಈ ವರ್ಷದ ವೈನು ಮಾಗುತ್ತಿದೆ ಎಂದು ತಂಗಿ ಫೋನು ಮಾಡಿದ್ದಳು. ಭರಣಿಗಳೆಲ್ಲ ಅಟ್ಟಕ್ಕೆ ಹತ್ತುವ ಏಣಿಯ ಕೆಳಗೆ ಸಾಲಾಗಿ ಕುಳಿತಿದ್ದವು. ಕೋಣೆಗೆ ಹೊಸ ಬೀಗ ಬಿದ್ದಿತ್ತು. ಕೀಲಿಕೈ ಮಾತ್ರ ತಂಗಿಯ ಹತ್ತಿರವಿರಲಿಲ್ಲ; ಅತ್ತೆಯ ಸೊಂಟದಲ್ಲಿತ್ತು. ಒಳಗಿನಿಂದ ಗುಳುಗುಳು ಸದ್ದು ಕೇಳುತ್ತಿತ್ತು. ಆಯಮ್ಮ ಬಾಗಿಲಿಗೆ ಅಡ್ಡವಾಗಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಬಾಯಿ ತಗಿ ತಮ್ಮಾ.”

ತೆರೆದೆ. ಬಸ್ಸಿನಲ್ಲಿ ಹಾಕಿದ ಕವಳದ ಕೆಂಪು ಇನ್ನೂ ಆರಿರಲಿಲ್ಲ. ಅವರು ಅಂಗಳದ ಹಂಡೆಯ ಕಡೆ ಬೆರಳು ತೋರಿಸಿದರು. ನಾನು ತಂಬಿಗೆ ಎತ್ತಿಕೊಂಡೆ.